ಗಣಕಯಂತ್ರದ ರೋಗಕ್ಕೆ ಕನ್ನಡದಲ್ಲೇ ಮದ್ದು ಹೇಳಿ!

ಕನ್ನಡದ ಯುವಕ ಯುವತಿಯರೇ,

ಲಗ್ನಸರಾಯಿ ದಿನಗಳಲ್ಲಿ ಬಸವಕಲ್ಯಾಣದ್ದೋ ಹುಮನಾಬಾದಿನದ್ದೋ ಒಂದು ಛಾಪಖಾನೆಗೆ ಬೆಳಿಗ್ಗೆ ಬಂದು ನೋಡಿ. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ. ಗಣಕಯಂತ್ರ ಮಾತ್ರ ಹತ್ತು ನಿಮಿಷವಾದರೂ ಕಣ್ಣು ಬಿಡುವುದಿಲ್ಲ. "ಏನ್ರಿ ಮಾಲಕರೇ, ಇನ್ನಾ ಚಾಲೂ ಆಗಿಲ್ಲೇನ್ರಿ?" ಎಂದರೆ ನಾವು ತಲೆ ತಗ್ಗಿಸಬೇಕು.

ನನ್ನ ಯಂತ್ರಕ್ಕೂ ಈ ರೋಗ ಬಂದಿತ್ತು. ರಿಪೇರಿಗೆ ಬಂದವನು ಹಿಂದಿಯಲ್ಲಿ ಒಂದೇ ಮಾತು ಹೇಳಿದ: ಫಾರ್ಮ್ಯಾಟ್ ಮಾಡಬೇಕು. ಮಾಡಿಯೂ ಬಿಟ್ಟ. ಮರುದಿನ ನೋಡಿದರೆ ನುಡಿ ಇಲ್ಲ, ಫಾಂಟ್ ಇಲ್ಲ. ಹಳೆಯ ಲಗ್ನಪತ್ರಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಫಾಂಟ್ ಹೋದರೆ ಕನ್ನಡವೇ ಹೋದಂತೆ. ಅವನ್ನೆಲ್ಲ ಹುಡುಕಿ ಹಾಕುವಷ್ಟರಲ್ಲಿ ಮೂರು ದಿನದ ದುಡಿಮೆ ಮಣ್ಣುಪಾಲಾಯಿತು. ತಿಂಗಳೊಳಗೆ ಯಂತ್ರ ಮತ್ತೆ ಹಳೆಯ ಚಾಳಿಗೆ ಬಿತ್ತು.

ಆಮೇಲೆ ಬಲ್ಲವರನ್ನು ಕೇಳಿ ಕೇಳಿ ಕಲಿತೆ. ರೋಗದ ಮೂಲ ಸಣ್ಣದು. ಯಂತ್ರ ಏಳುವಾಗ ಅದರ ಬೆನ್ನ ಮೇಲೆ ಹತ್ತಾರು ಪ್ರೋಗ್ರಾಮುಗಳು ತಾವಾಗಿಯೇ ಹತ್ತಿ ಕೂರುತ್ತವೆ. ವಿಂಡೋಸ್ 10 ಅಥವಾ 11 ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಪ್ರೋಗ್ರಾಮ್ ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಆಂಟಿವೈರಸ್ ಮುಟ್ಟಬೇಡಿ, ಆದರೆ ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಖಾಲಿ ಮಾಡಿ. ಬಳಸದ ನೂರಾರು ಫಾಂಟುಗಳನ್ನು ಬೇರೆಡೆ ನಕಲಿಟ್ಟು ತೆಗೆಯಿರಿ, ಪುಟ ಕಟ್ಟುವ ತಂತ್ರಾಂಶವೂ ಬೇಗ ತೆರೆಯುತ್ತದೆ. ಇಷ್ಟಾದರೂ ತಡವಾದರೆ ತಿರುಗುವ ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ. ಏನೇ ಮಾಡುವ ಮೊದಲು ಕಡತ ಮತ್ತು ಫಾಂಟುಗಳ ನಕಲು ತೆಗೆದಿಡಿ!

ಇಷ್ಟು ವಿಷಯ ತಿಳಿಯಲು ಪದವಿ ಬೇಕೇ? ಬೇಡ. ಪಿಯುಸಿ ಓದಿದ ನನಗೆ ಸಾಕಾಯಿತು. ಬೇಕಾದದ್ದು ತಿಳಿಯುವ ಭಾಷೆಯಲ್ಲಿ ಹೇಳುವವರು. ವಿಂಡೋಸ್ ಪರದೆಯನ್ನೇ ಕನ್ನಡಕ್ಕೆ ಬದಲಿಸಬಹುದೆಂದು ನಮ್ಮ ಎಷ್ಟು ಅಂಗಡಿಯವರಿಗೆ ಗೊತ್ತು? ಎಷ್ಟು ರಿಪೇರಿಯವರು ಹೇಳಿದ್ದಾರೆ?

ನಿಜಾಮನ ಆಡಳಿತದಲ್ಲಿ ಈ ನೆಲದ ರೈತ ಉರ್ದು ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಿತ್ತು. 1956ರಲ್ಲಿ ಬೀದರ ಕನ್ನಡ ನಾಡಿಗೆ ಸೇರಿತು. ಇಂದು ಅದೇ ರೈತನ ಮೊಮ್ಮಗ ತನ್ನದೇ ಅಂಗಡಿಯ ಪರದೆಯ ಮುಂದೆ ಅನಕ್ಷರಸ್ಥನಂತೆ ನಿಲ್ಲಬೇಕೇ? ದೊಡ್ಡ ಅನುಭಾವವನ್ನೇ ಜನರ ಮಾತಿನಲ್ಲಿ ಹೇಳಿದ ಶರಣರ ಕಲ್ಯಾಣವಿದು. ಒಂದು ಯಂತ್ರದ ರಿಪೇರಿಯನ್ನು ಹೇಳಲು ಕನ್ನಡಕ್ಕೆ ಬಾರದೇ?

ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಬೀದಿಗಿಳಿಯುವ ಗೆಳೆಯರೇ, ಅದು ಬೇಕು. ಬೋರ್ಡಿನ ಹಿಂದಿನ ಯಂತ್ರಕ್ಕೂ ಕನ್ನಡ ಬೇಕು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ ಗಣಕ ಕಲಿತವರು ರಜೆಗೆ ಊರಿಗೆ ಬಂದಾಗ ಒಂದು ಭಾನುವಾರ ನಾಲ್ಕು ಅಂಗಡಿಯವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಕಲಿಸಿ. ಒಂದು ಪುಟದ ಕೈಪಿಡಿ ಬರೆದುಕೊಡಿ. ಕಾಗದ ನನ್ನದು, ಅಚ್ಚು ನನ್ನದು, ಬಿಡಿಗಾಸು ಬೇಡ. ಬರಹ ನಿಮ್ಮದಾಗಲಿ!

ಸಿರಿಗನ್ನಡಂ ಗೆಲ್ಗೆ!