ಶಿಕ್ಷಣ ಚಿಂತನ: ಒಂದೇ ಮೂಲೆಯ ಐದು ಅಗುಳು

ಅನ್ನ ಬೆಂದಿತೇ ಎಂದು ತಿಳಿಯಲು ಅಗುಳು ಹಿಸುಕಿ ನೋಡುವುದುಂಟು. ಹಂಡೆ ದೊಡ್ಡದಾದರೆ ನಾಲ್ಕು ಕಡೆಯಿಂದ ತೆಗೆಯಬೇಕು. ಒಂದೇ ಮೂಲೆಯ ಐದು ಅಗುಳು ಹಿಸುಕಿ, ಐದು ಸಲ ಪರೀಕ್ಷಿಸಿದೆವೆಂದರೆ ಯಾರೂ ಒಪ್ಪಲಾರರು. ವಿಜ್ಞಾನದ ಪರೀಕ್ಷೆಗಳಲ್ಲಿ ಮಾತ್ರ ಈ ವಿವೇಕವನ್ನು ಮರೆಯುವ ಭಯವಿದೆ.

ಒಂದು ಪ್ರಯೋಗದ ವಿವರವನ್ನು ಕೊಟ್ಟು ಅದರ ಮೇಲೆ ಹಲವು ಪ್ರಶ್ನೆಗಳನ್ನು ಕೇಳುವ ಪದ್ಧತಿ ಇಂದು ಬಳಕೆಯಲ್ಲಿದೆ. 2006ರ ‘ಪೀಸಾ’ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಆಮ್ಲಮಳೆಯನ್ನು ಕುರಿತ ಇಂತಹ ಗುಂಪೊಂದಿತ್ತು. 2 ಗ್ರಾಂ ತೂಕದ ಅಮೃತಶಿಲೆಯ ಚೂರನ್ನು ರಾತ್ರಿಯಿಡೀ ವಿನೆಗರಿನಲ್ಲಿಟ್ಟರೆ ತೂಕ ಏನಾದೀತು? ಇನ್ನೊಂದು ಚೂರನ್ನು ಶುದ್ಧ ನೀರಿನಲ್ಲಿ ಇಟ್ಟುದೇಕೆ? ಕಂಠಪಾಠವನ್ನಲ್ಲದೆ ವಿಚಾರಶಕ್ತಿಯನ್ನು ಅಳೆಯುವ ಈ ಕ್ರಮವನ್ನು ನಾವು ಮೆಚ್ಚುತ್ತೇವೆ.

ತೊಡಕಿರುವುದು ಲೆಕ್ಕದಲ್ಲಿ. ವಿದ್ಯಾರ್ಥಿಯ ಸಾಮರ್ಥ್ಯವೊಂದನ್ನು ಬಿಟ್ಟರೆ ಒಂದು ಉತ್ತರಕ್ಕೂ ಮತ್ತೊಂದಕ್ಕೂ ನಂಟಿಲ್ಲವೆಂಬುದು ಸಾಮಾನ್ಯ ಸಂಖ್ಯಾಶಾಸ್ತ್ರೀಯ ಸೂತ್ರಗಳ ಆಧಾರ. ಗುಂಪು ಪ್ರಶ್ನೆಗಳಲ್ಲಿ ಈ ಆಧಾರವೇ ಸಡಿಲವಾಗುತ್ತದೆ. ವಿವರಣೆಯನ್ನು ತಪ್ಪಾಗಿ ತಿಳಿದ ಮಗು ಐದೂ ಅಂಕಗಳನ್ನು ಕಳೆದುಕೊಳ್ಳಬಹುದು. ಆ ವಿಷಯವನ್ನು ಮೊದಲೇ ಓದಿದ್ದ ಮಗು ಐದನ್ನೂ ಬಾಚಿಕೊಳ್ಳಬಹುದು. ಐದೈದು ಪ್ರಶ್ನೆಗಳ ನಾಲ್ಕು ಗುಂಪುಗಳಿವೆ, ಗುಂಪಿನೊಳಗಿನ ಹೆಚ್ಚುವರಿ ನಂಟು 0.25 ಎಂದಿಟ್ಟುಕೊಳ್ಳೋಣ. ಸರಳ ಗಣನೆಯಂತೆ ಆ 20 ಪ್ರಶ್ನೆಗಳಿಗೆ ಸುಮಾರು 10 ಬಿಡಿ ಪ್ರಶ್ನೆಗಳ ಬೆಲೆ ಮಾತ್ರ! ಆದರೂ ಪರೀಕ್ಷೆ ಬಹಳ ವಿಶ್ವಾಸಾರ್ಹವೆಂದು ಹಳೆಯ ಸೂತ್ರ ಸಾರುತ್ತಲೇ ಇರುತ್ತದೆ. ಒಂದೇ ಅಂಕದ ಅಂತರದಲ್ಲಿ ಮಕ್ಕಳ ಭವಿಷ್ಯವನ್ನು ತೂಗುವಾಗ ಇದು ಸಣ್ಣ ಸಂಗತಿಯೇ?

ಪರಿಹಾರವಿಲ್ಲದಿಲ್ಲ. 1987ರಲ್ಲಿ ವೈನರ್ ಮತ್ತು ಕೈಲಿ ಇಂತಹ ಗುಂಪಿಗೆ ‘ಟೆಸ್ಟ್‌ಲೆಟ್’ ಎಂದು ಹೆಸರಿಟ್ಟು, ಗುಂಪನ್ನೇ ಒಂದು ಘಟಕವಾಗಿ ಎಣಿಸಬೇಕೆಂದು ವಾದಿಸಿದರು. 1999ರಲ್ಲಿ ಬ್ರಾಡ್‌ಲೋ, ವೈನರ್, ವಾಂಗ್ ಎಂಬವರು ಗುಂಪಿನೊಳಗಿನ ನಂಟನ್ನು ಬೇರೆಯಾಗಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಶಾಲೆಯ ಮಟ್ಟದಲ್ಲಿಯೂ ಮಾಡಬಹುದಾದುದಿದೆ: ದೊಡ್ಡ ಗುಂಪುಗಳ ಬದಲು ಸಣ್ಣ ಗುಂಪುಗಳನ್ನು ಹೆಚ್ಚಿಸುವುದು, ಬಿಡಿ ಪ್ರಶ್ನೆಗಳನ್ನು ಬೆರೆಸುವುದು, ಒಂದರ ಉತ್ತರವನ್ನೇ ಇನ್ನೊಂದಕ್ಕೆ ಮೆಟ್ಟಿಲಾಗಿಸದಿರುವುದು.

ಗಡಿನಾಡಿನ ನಮಗೆ ಇದರಲ್ಲಿ ವಿಶೇಷ ಕಾಳಜಿಯಿದೆ. ಬೇರೆ ಭಾಷೆಯಲ್ಲಿ ರಚಿತವಾದ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ಬಿಡಿ ಪ್ರಶ್ನೆಯಲ್ಲೊಂದು ಪದ ಎಡವಿದರೆ ಹೋಗುವುದು ಒಂದಂಕ. ಗುಂಪಿನ ತಲೆಯಲ್ಲಿರುವ ವಿವರಣೆಯಲ್ಲಿ ಎಡವಿದರೆ ಹೋಗುವುದು ಇಡೀ ಗುಂಪು. ನಷ್ಟ ಮಗುವಿನದು, ಲೋಪ ಭಾಷಾಂತರದ್ದು. ಆದುದರಿಂದ ಆ ನಾಲ್ಕು ಸಾಲುಗಳನ್ನು ಅಚ್ಚಿಗೆ ಕೊಡುವ ಮೊದಲು ಕನ್ನಡದಲ್ಲಿ ವಿಜ್ಞಾನ ಕಲಿಸುವ ಅಧ್ಯಾಪಕರೊಬ್ಬರು ಓದಿ ನೋಡುವಂತಾಗಲಿ. ನಾವು ಬೇಡುವುದು ರಿಯಾಯಿತಿಯನ್ನಲ್ಲ, ಸರಿಯಾದ ತಕ್ಕಡಿಯನ್ನು.