ಜಿಗಿತದ ಸೈಕಲ್ಲೂ ಬಿಡಿಭಾಗಗಳ ಪರಾಧೀನತೆಯೂ

ಸೈಕಲ್ಲೆಂದರೆ ನಮ್ಮ ಸೀಮೆಯಲ್ಲಿ ಬಹುಕಾಲದವರೆಗೆ ಒಂದೇ ಬಗೆಯ ವಾಹನವಾಗಿದ್ದಿತು. ಶಾಲೆಯ ಮಾಸ್ತರರೂ ಅಂಚೆಯವರೂ ಹಾಲಿನವರೂ ಏರಿದ ಆ ಕಪ್ಪು ಸೈಕಲ್ಲಿನ ಯಾವ ಭಾಗ ಕೆಟ್ಟರೂ ಮುಂದಿನ ಸಂತೆಯೊಳಗಾಗಿ ಅದಕ್ಕೆ ಬದಲು ದೊರೆಯುತ್ತಿದ್ದಿತು. ಅದನ್ನು ಕೂಡಿಸುವ ಕೈಗಳೂ ಊರೂರಿಗೆ ಇದ್ದುವು. ಈಗ ಕಾಲವು ಬದಲಾಗಿದೆ. ಮಣ್ಣಿನ ದಿಬ್ಬಗಳನ್ನೇರಿ ಗಾಳಿಯಲ್ಲಿ ಜಿಗಿದು ಮತ್ತೊಂದು ದಿಬ್ಬದ ಇಳುಕಲಿಗೆ ಬಂದಿಳಿಯುವ ಆಟವು ತರುಣರ ಮನಸ್ಸನ್ನು ಸೆಳೆಯುತ್ತಿದೆ. ಇದಕ್ಕೆ ಬೇಕಾದ ಸೈಕಲ್ಲು ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವದು ಅಪರೂಪ. ಒಂದೊಂದೇ ಭಾಗವನ್ನು ಹುಡುಕಿ ತಂದು ಕೂಡಿಸಬೇಕಾಗುವದು. ಇದನ್ನು ಹುಡುಗರ ಹುಚ್ಚೆಂದು ನಕ್ಕು ಬಿಡುವವರುಂಟು. ನಾವು ಹಾಗೆ ಬಗೆಯುವದಿಲ್ಲ. ಈ ಚಿಕ್ಕ ವಿಷಯದಲ್ಲಿ ನಮ್ಮ ಕೈಗಾರಿಕೆಯ ಒಂದು ದೊಡ್ಡ ಕೊರತೆ ಅಡಗಿದೆ.

ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವಣ ಗುಡೂರಿನ ಒಬ್ಬ ತರುಣನು ಇಂಥ ಸೈಕಲ್ಲನ್ನು ಕಟ್ಟಲು ಹೊರಟನೆಂದು ಭಾವಿಸೋಣ. ಅವನಿಗೆ ಹತ್ತಿರದಲ್ಲಿ ದೊರೆಯುವದೇನು? ಮೊದಲನೆಯದಾಗಿ ಸರಪಳಿ. ಜಿಗಿತದ ಸೈಕಲ್ಲಿಗೆ ಗೇರುಗಳಿರುವದಿಲ್ಲ. ಊರ ಸೈಕಲ್ಲಿನ ಅರ್ಧ ಇಂಚು ಗಂಟಿನ, ಎಂಟನೆಯ ಒಂದು ಇಂಚು ಅಗಲದ ಸರಪಳಿಯೇ ಅನೇಕ ಜಿಗಿತದ ಸೈಕಲ್ಲುಗಳಿಗೂ ಸಲ್ಲುವದು. ಪೆಡಲಿನ ತಿರುಪಿನ ಅಳತೆಯೂ ಎರಡಕ್ಕೂ ಒಂದೇ. ಟ್ಯೂಬು, ಹಿಡಿಗಳು, ಕೇಬಲ್ಲುಗಳನ್ನು ಇಳಕಲ್ಲಿನಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಕೊಳ್ಳಬಹುದು. ಆದರೆ ಇಲ್ಲಿಗೆ ಸುಲಭದ ದಾರಿ ಮುಗಿಯಿತು.

ಗಾಲಿಯನ್ನು ನೋಡಿರಿ. ಜಿಗಿತದ ಸೈಕಲ್ಲಿನ ಗಾಲಿ 26 ಇಂಚಿನದು. ಅಂಗಡಿಯವನೂ 26 ಇಂಚಿನ ಟಾಯರನ್ನೇ ಕೊಡುವನು. ಮನೆಗೆ ತಂದು ನೋಡಿದರೆ ಅದು ಕೂಡದು! ಏಕೆಂದರೆ 26 ಇಂಚೆಂಬುದು ಹೆಸರು ಮಾತ್ರ. ಪರ್ವತ ಸೈಕಲ್ಲಿನ ಟಾಯರು ಕೂಡುವ ಸುತ್ತಿನ ವ್ಯಾಸವು 559 ಮಿಲಿಮೀಟರು. ಹಳೆಯ ಮಾದರಿಯ 26 × 1⅜ ಟಾಯರಿನದು 590. ನಮ್ಮ ದೊಡ್ಡ ಕಪ್ಪು ಸೈಕಲ್ಲಿನ 28 × 1½ ಗಾಲಿಯದಾದರೋ 635. ಕಡ್ಡಿಗಳ ಕಥೆಯೂ ಇದೇ. ಹಳೆಯ ಇಂಗ್ಲಿಷ್ ಪದ್ಧತಿಯಂತೆ ಊರ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳಾದರೆ, ಇದರ ಎರಡೂ ಗಾಲಿಗಳಿಗೆ 32 ಇಲ್ಲವೆ 36, ಉದ್ದವೂ ಬೇರೆ. ನೂಲಿನ ನಂಬರು ತಿಳಿಯದೆ ಮಗ್ಗಕ್ಕೆ ಹಾಸು ಏರಿಸುವ ನೇಕಾರನು ಇಳಕಲ್ಲಿನಲ್ಲಿ ಇರಲಾರನು. ಸೈಕಲ್ಲಿನ ವಿಷಯದಲ್ಲಿ ಮಾತ್ರ ಅಳತೆ ತಿಳಿಯದೆ ಹಣ ಕೊಡುವ ಪ್ರಸಂಗವು ನಮ್ಮ ತರುಣರಿಗೆ ಬಂದಿದೆ.

ಇನ್ನು ನಿಜವಾದ ತೊಡಕು ಚೌಕಟ್ಟು ಮತ್ತು ಮುಂದಿನ ಕವಲುಗಳದು. ಚೌಕಟ್ಟು ಗಿಡ್ಡಾಗಿ, ಬಲವಾಗಿ, ಕ್ರೋಮಿಯಂ ಮಾಲಿಬ್ಡಿನಂ ಕೂಡಿದ ಉಕ್ಕಿನದೋ ಅಲ್ಯುಮಿನಿಯಂ ಮಿಶ್ರಲೋಹದ್ದೋ ಆಗಿರಬೇಕು. ಮುಂಗವಲು ಸುಮಾರು 100 ಮಿಲಿಮೀಟರಿನಷ್ಟು ಕುಗ್ಗಿ ಪೆಟ್ಟನ್ನು ನುಂಗಬೇಕು. ಅದರ ಅಚ್ಚು 15 ಅಥವಾ 20 ಮಿಲಿಮೀಟರಿನದಾದರೆ ಗಾಲಿಯ ಗುಂಬವೂ ಅದಕ್ಕೆ ಒಪ್ಪಬೇಕು. ಕವಲಿನ ಮೇಲ್ಗೊಳವೆ ಬುಡದಲ್ಲಿ ಒಂದೂವರೆ ಇಂಚಿದ್ದು ಚೌಕಟ್ಟಿನ ತಲೆಗೊಳವೆ ಹಳೆಯ ಅಳತೆಯದಾದರೆ ಕೊಟ್ಟ ಹಣವೆಲ್ಲ ವ್ಯರ್ಥ. ಇಂಥ ಕವಲುಗಳನ್ನು ಮಾಡುವ ಹೆಸರಾಂತ ಸಂಸ್ಥೆಗಳು ಪರದೇಶದವು. ಮುಂಬಯಿ, ಪುಣೆ, ಬೆಂಗಳೂರುಗಳ ಕೆಲವು ಅಂಗಡಿಗಳಿಂದ ತರಿಸಬೇಕು. ಇಲ್ಲವೆ ಸುಂಕ ತೆತ್ತು ಕಡಲಾಚೆಯಿಂದ ತರಿಸಬೇಕು.

ಇದರಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಪೆಡಲುಗಳ ನಡುವಣ ಅಚ್ಚು ತಿರುಗುವ ಕೊಳವೆಯ ತಿರುಪನ್ನು ಇಂದಿಗೂ ಲೋಕವೆಲ್ಲ ಬಿ.ಎಸ್.ಎ. ತಿರುಪೆಂದು ಕರೆಯುತ್ತದೆ. ಬರ್ಮಿಂಗಹ್ಯಾಮಿನ ಒಂದು ಬಂದೂಕು ಕಾರಖಾನೆಯ ಹೆಸರು ಅದು. ಆ ಕಾರಖಾನೆ ಸೈಕಲ್ಲು ಮಾಡುವದನ್ನು ಬಿಟ್ಟು ದಶಕಗಳೇ ಸಂದರೂ ಅದರ ಅಳತೆಯು ಲೋಕದಲ್ಲಿ ಆಳುತ್ತಿದೆ. ಅಳತೆಯನ್ನು ಗೊತ್ತುಪಡಿಸುವವನೇ ವ್ಯಾಪಾರದ ಒಡೆಯನು ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?

ಭಾರತವು ಸೈಕಲ್ಲಿನಲ್ಲಿ ಬಡ ದೇಶವಲ್ಲ. ಚೀನವನ್ನು ಬಿಟ್ಟರೆ ಇಷ್ಟು ಸೈಕಲ್ಲುಗಳನ್ನು ಮಾಡುವ ದೇಶ ಇನ್ನೊಂದಿಲ್ಲ. ಲುಧಿಯಾನಾದ ಹೀರೋ ಕಾರಖಾನೆಯು 1956ರಲ್ಲಿ ಹುಟ್ಟಿತು, ಮದರಾಸಿನ ಟಿ.ಐ. ಕಾರಖಾನೆಯು 1949ರಿಂದಲೂ ಇದೆ. ಆದರೆ ಅಗ್ಗದ ಸೈಕಲ್ಲನ್ನು ಅಪಾರವಾಗಿ ಮಾಡುವದರಲ್ಲಿಯೇ ನಮ್ಮವರ ಶಕ್ತಿಯು ವೆಚ್ಚವಾಯಿತು. ಆ ದಾರಿಯ ಅಪಾಯವನ್ನೂ ಕಂಡಿದ್ದೇವೆ: ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದಿನ ಕಾರಖಾನೆಯು 2020ರ ಜೂನ್ 3ರಂದು, ಅಂದರೆ ಜಾಗತಿಕ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಹೆಚ್ಚು ಬೆಲೆಯ, ಹೆಚ್ಚು ಕುಶಲತೆಯ ಭಾಗಗಳತ್ತ ತಿರುಗದೆ ಈ ಉದ್ಯಮಕ್ಕೆ ಭವಿಷ್ಯವಿಲ್ಲ. ಪುಣೆಯ ಸೈನೈಡ್ ಎಂಬ ಚಿಕ್ಕ ಸಂಸ್ಥೆಯು ಫ್ಯೂರಾನ್ ಎಂಬ ಪರ್ವತ ಸೈಕಲ್ಲನ್ನು ತಾನೇ ರೂಪಿಸಿ ಹೊರತಂದದ್ದು ನಮ್ಮವರಿಗೆ ಬುದ್ಧಿ ಸಾಲದೆಂಬ ಮಾತನ್ನು ಸುಳ್ಳುಮಾಡುವದು.

ಸರಕಾರದ ಧೋರಣೆಯನ್ನೂ ನೋಡುವಾ. 2023ರ ಮುಂಗಡಪತ್ರದಲ್ಲಿ ಪರದೇಶದ ಪೂರ್ಣ ಸೈಕಲ್ಲಿನ ಮೇಲಿನ ಸುಂಕವನ್ನು ಶೇಕಡಾ 30ರಿಂದ 35ಕ್ಕೆ ಏರಿಸಲಾಯಿತು. 2025ರ ಸಪ್ಟಂಬರ 22ರಿಂದ ಸೈಕಲ್ಲು ಮತ್ತು ಅದರ ಭಾಗಗಳ ಮೇಲಿನ ಸರಕು-ಸೇವಾ ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಎರಡನ್ನೂ ನಾವು ಸ್ವಾಗತಿಸುತ್ತೇವೆ. ಆದರೆ ದೇಶದಲ್ಲಿ ಹುಟ್ಟದ ವಸ್ತುವಿನ ಮೇಲೆ ಸುಂಕವನ್ನೇರಿಸಿದ ಮಾತ್ರಕ್ಕೆ ಅದು ಇಲ್ಲಿ ಹುಟ್ಟದು. ಅಂಗಡಿಯಲ್ಲಿಲ್ಲದ ಸರಕಿನ ತೆರಿಗೆಯನ್ನು ಇಳಿಸಿದರೆ ಕೊಳ್ಳುವವನ ಕೈಗೆ ಏನೂ ಬಾರದು. ರಕ್ಷಣೆಯ ಜತೆಗೆ ಶಿಕ್ಷಣವೂ ಪ್ರೋತ್ಸಾಹವೂ ಇರಬೇಕು.

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವಿದು. ವಿಜಾಪುರ ಬಾಗಲಕೋಟೆಗಳ ಕ್ರೀಡಾ ವಸತಿನಿಲಯಗಳೂ ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯೂ ನಾಡಿಗೆ ಸೈಕಲ್ ಪಟುಗಳನ್ನು ಕೊಟ್ಟಿವೆ. 2022ರಲ್ಲಿ ರಾಷ್ಟ್ರೀಯ ಪರ್ವತ ಸೈಕಲ್ ಸ್ಪರ್ಧೆಯು ನಡೆದುದು ನಮ್ಮ ಗದಗದಲ್ಲಿ. ಒಕ್ಕಲಿಗರ ಮಕ್ಕಳೇ ಬಹುಮಟ್ಟಿಗೆ ಈ ಆಟವನ್ನು ಬೆಳಗಿಸಿದವರು. ಅವರಿಗೆ ಕಾಲಿನ ಬಲಕ್ಕೆ ಕೊರತೆಯಿಲ್ಲ. ಒಳ್ಳೆಯ ಗಾಲಿಗೂ ಬ್ರೇಕಿಗೂ ಕೊರತೆಯಿದೆ. ಜಿಗಿತದ ಸೈಕಲ್ಲಿಗೆ ಬೇಕಾದ ಭಾಗಗಳ ಮಾರುಕಟ್ಟೆ ಬೆಳೆದರೆ ಸ್ಪರ್ಧೆಯ ಸೈಕಲ್ಲಿಗೂ ಅನುಕೂಲವಾಗುವದು.

ಎಲ್ಲಕ್ಕಿಂತ ಮಿಗಿಲಾಗಿ ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಸರಿಯಾದ ಭಾಗ ಸಿಕ್ಕದ ತರುಣನು ಸುಮ್ಮನೆ ಕುಳ್ಳಿರುವದಿಲ್ಲ. ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರವು 2006-07ರಿಂದ ಹಂಚಿದ, ಕೋವಿಡ್ ಪಿಡುಗಿನ ಕಾಲದಲ್ಲಿ ಹಂಚಿಕೆ ನಿಂತುಹೋದ, ಸೈಕಲ್ಲಿನ ಚೌಕಟ್ಟಿಗೆ ಬೆಸುಗೆ ಹಾಕಿಸಿ ಜಿಗಿಯಲು ಮೊದಲು ಮಾಡುವನು. ಶಾಲೆಗೆ ಹೋಗಲೆಂದು ಮಾಡಿದ ಚೌಕಟ್ಟು ಆಳೆತ್ತರದಿಂದ ಬೀಳುವ ಭಾರವನ್ನು ತಾಳಲಾರದು. ಸೈಕಲ್ಲಿನ ಸುರಕ್ಷೆಯ ಅಂತಾರಾಷ್ಟ್ರೀಯ ಮಾನದಂಡವಾದ ಐ.ಎಸ್.ಒ. 4210 ಕೂಡ ಗಾಳಿಯಲ್ಲಿ ಹಾರುವ ಸಾಹಸದ ಸೈಕಲ್ಲುಗಳನ್ನು ತನ್ನ ವ್ಯಾಪ್ತಿಯ ಹೊರಗಿಟ್ಟಿದೆ. ಅವುಗಳ ಬಲವು ಅದಕ್ಕೂ ಮಿಗಿಲಾಗಿರಬೇಕೆಂಬುದನ್ನು ಇದರಿಂದಲೇ ತಿಳಿಯಬಹುದು. ಕಣ್ಣಿಗೆ ಕಾಣದ ಒಂದು ಕೂದಲೆಳೆಯ ಬಿರುಕು ಕುತ್ತಿಗೆಗೇ ಕುತ್ತು ತರಬಲ್ಲದು. ತಂದೆತಾಯಿಗಳು ಆಟವನ್ನೇ ನಿಷೇಧಿಸುವದಕ್ಕಿಂತ, ಹಣ ಕೂಡುವವರೆಗೆ ಕಾಯಲು ಮಕ್ಕಳಿಗೆ ಹೇಳಬೇಕು. ತಲೆಗೆ ಶಿರಸ್ತ್ರಾಣ, ಆ ಬಳಿಕ ಚೌಕಟ್ಟು, ಕವಲು, ಗಾಲಿ, ಹಿಡಿಗೋಲು: ಇವುಗಳಲ್ಲಿ ಜಿಪುಣತನ ಸಲ್ಲದು. ಉಳಿದುದರಲ್ಲಿ ಬೇಕಾದರೆ ಹಣ ಉಳಿಸಲಿ.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಕ್ರೀಡಾ ಇಲಾಖೆಯು ಬಾಗಲಕೋಟೆಯ ವಸತಿನಿಲಯದಲ್ಲಿ ಬಿಡಿಭಾಗಗಳ ಒಂದು ಉಗ್ರಾಣವನ್ನಿರಿಸಿ, ಒಟ್ಟಿಗೆ ತರಿಸಿದ ಸರಕನ್ನು ಹೊರಗಿನ ತರುಣರಿಗೂ ಅಸಲು ಬೆಲೆಗೆ ಕೊಡಲಿ. ಒಬ್ಬೊಬ್ಬನೇ ತರಿಸಿದಾಗ ಮೈಮೇಲೆ ಬೀಳುವ ಸಾಗಣೆಯ ವೆಚ್ಚವು ಇದರಿಂದ ಹಂಚಿಹೋಗುವದು. ಭಾಗಗಳ ಅಳತೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಸೈಕಲ್ ಅಂಗಡಿಯ ಗೋಡೆಗೆ ಅಂಟಿಸಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳು ತೆಳುಗೊಳವೆಯ ಬೆಸುಗೆಯನ್ನೂ ಅದರ ಪರೀಕ್ಷೆಯನ್ನೂ ಕಲಿಸಲಿ. ಗಾಲಿಯ ಬೆಂಡು ತೆಗೆಯುವ ನಮ್ಮ ಹಳೆಯ ಮೇಸ್ತ್ರಿಗಳ ಕೈಯಲ್ಲಿ ವಿದ್ಯೆಯಿದೆ; ಅದಕ್ಕೆ ಹೊಸ ಅಳತೆಯ ತಿಳಿವಳಿಕೆಯೊಂದು ಕೂಡಿದರೆ ಸಾಕು. ಅವರನ್ನು ಬಿಟ್ಟು ದೂರದ ಪಟ್ಟಣಗಳತ್ತ ಓಡುವದು ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಅಲೆದಂತೆ. ಗುಡೂರಿನಂಥ ಊರುಗಳ ಪಂಚಾಯತಿಗಳು ಹತ್ತು ಗುಂಟೆ ನೆಲ ಕೊಟ್ಟರೆ ದಿಬ್ಬಗಳನ್ನು ತರುಣರೇ ಕಟ್ಟಿಕೊಂಡಾರು. ಎರೆಮಣ್ಣು ಮಳೆಗೆ ಅಂಟಿ ಬಿಸಿಲಿಗೆ ಬಿರಿಯುವದರಿಂದ ಮಸಾರಿಯ ನೆಲವನ್ನೇ ಆರಿಸಬೇಕೆಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ಒಂದು ಸೈಕಲ್ಲನ್ನು ತನ್ನ ಕೈಯಿಂದ ಕೂಡಿಸಿದ ಹುಡುಗನು ಅಳತೆಯ ಬೆಲೆಯನ್ನರಿಯುವನು, ಲೋಹದ ಗುಣವನ್ನರಿಯುವನು. ಇಂಥ ಹುಡುಗರು ಹೆಚ್ಚಿದಲ್ಲಿ ಇಂದು ಭಾಗವನ್ನು ಕೊಳ್ಳಲು ಅಲೆಯುವವರೇ ನಾಳೆ ಅದನ್ನು ಮಾಡಿ ಮಾರಿಯಾರು. ಅಧಿಕಾರಿಗಳೂ ಊರ ಹಿರಿಯರೂ ಈ ಬಗೆಗೆ ಬೇಗನೆ ಲಕ್ಷ್ಯವೀಯುವರೆಂದು ನಾವು ಆಶಿಸುತ್ತೇವೆ.