ಮೋಸಹೋದವನೇ ಅಪರಾಧಿಯೆ?

ಫೋನಿನ ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡ ಕಾರ್ಮಿಕನಿಗೆ ಎಲ್ಲೆಡೆಯೂ ಎದುರಾಗುವ ಪ್ರಶ್ನೆ ಒಂದೇ: “ಓಟಿಪಿ ಏಕೆ ಕೊಟ್ಟೆ?” ಬ್ಯಾಂಕಿನಲ್ಲಿ ಅದೇ ಪ್ರಶ್ನೆ, ಠಾಣೆಯಲ್ಲಿ ಅದೇ ಪ್ರಶ್ನೆ, ಮನೆಯಲ್ಲಿಯೂ ಅದೇ. ಕದ್ದವನು ಯಾರೆಂದು ಕೇಳುವವರು ಕಡಿಮೆ. ಕಳಕೊಂಡವನೇ ತಲೆತಗ್ಗಿಸಿ ನಿಲ್ಲಬೇಕು. ಇದು ಎಲ್ಲಿಯ ನ್ಯಾಯ?

ಮುಂಬಯಿಯ ಗಿರಣಿಗಳ ಕಾಲದಲ್ಲಿ ಸಂಬಳದ ದಿನ ಬಡ್ಡಿಯವನು ಗೇಟಿನ ಬಳಿ ಕಾಯುತ್ತಿದ್ದನು. ಅವನು ಕಣ್ಣಿಗಾದರೂ ಕಾಣುತ್ತಿದ್ದನು. ಇಂದಿನ ಕಳ್ಳನಿಗೆ ಮುಖವೇ ಇಲ್ಲ. ಅವನನ್ನು ನಮ್ಮ ಕೋಣೆಯೊಳಗೆ ಕರೆತಂದವರು ನಾವಲ್ಲ. 2016ರಲ್ಲಿ ಯುಪಿಐ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ರದ್ದಾದವು. ನಗದು ಬಿಡಿ, ಫೋನು ಹಿಡಿಯಿರಿ ಎಂದು ದೊಡ್ಡವರೆಲ್ಲ ಉಪದೇಶ ಮಾಡಿದರು. ನಾವು ಹಿಡಿದೆವು. ಆದರೆ ಅದನ್ನು ಹಿಡಿಯುವ ಬಗೆಯನ್ನು ನಮ್ಮ ಭಾಷೆಯಲ್ಲಿ ಕಲಿಸಿದವರೆಷ್ಟು ಮಂದಿ? “ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ” ಎಂಬ ಬ್ಯಾಂಕಿನ ಎಚ್ಚರಿಕೆ ಹೆಚ್ಚಾಗಿ ಬರುವುದು ಇಂಗ್ಲಿಷಿನಲ್ಲಿ; ಕಳ್ಳನ ಮಾತು ಬರುವುದು ನಮಗೆ ತಿಳಿಯುವ ಭಾಷೆಯಲ್ಲಿ. ಹೋಟೆಲಿನ ಅಡಿಗೆಮನೆಯಲ್ಲಿ ಹನ್ನೆರಡು ತಾಸು ನಿಂತು ಬಂದವನು ಇವೆರಡರಲ್ಲಿ ಯಾವುದನ್ನು ಕೇಳಿಯಾನು?

ಹಾಗಾದರೆ ಎಚ್ಚರ ಬೇಡವೆ ಎನ್ನುವವರುಂಟು. ಬೇಕು, ಖಂಡಿತ ಬೇಕು. ಕೆಲವು ಮಾತುಗಳನ್ನು ಪ್ರತಿಯೊಬ್ಬನೂ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ನಮಗೆ ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ವಿಡಿಯೋ ಕರೆಯಲ್ಲಿ ಪೊಲೀಸ್ ಉಡುಪಿನಲ್ಲಿ ಕಾಣಿಸಿಕೊಂಡು “ನಿನ್ನನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ” ಎನ್ನುವವನು ಕಳ್ಳ. ಅಂಥ ಬಂಧನ ಕಾನೂನಿನಲ್ಲಿಯೇ ಇಲ್ಲವೆಂದು ಪ್ರಧಾನಮಂತ್ರಿಗಳೇ 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಸ್ಪಷ್ಟಪಡಿಸಿದರು. ಕಮಿಷನ್ ಆಸೆ ತೋರಿಸಿ ನಮ್ಮ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೇಳುವವನನ್ನು ಹತ್ತಿರ ಸೇರಿಸಬೇಡಿ. ಕದ್ದ ಹಣ ನಮ್ಮ ಖಾತೆಯ ಮೂಲಕ ಹರಿದರೆ, ಅವನು ಮಾಯವಾಗುತ್ತಾನೆ. ಪೊಲೀಸರು ಬರುವುದು ನಮ್ಮ ಬಾಗಿಲಿಗೆ.

ಆದರೆ ಎಲ್ಲ ಮೋಸವೂ ನಮ್ಮ ಬಾಯಿಂದಲೇ ನಡೆಯುವುದೆಂದು ಹೇಳುವವರು ಸತ್ಯವನ್ನು ಮರೆಮಾಚುತ್ತಾರೆ. ಮದುವೆಯ ಕರೆಯೋಲೆ ಎಂದೋ, ವಾಹನದ ದಂಡದ ಚೀಟಿ ಎಂದೋ ವಾಟ್ಸಾಪಿನಲ್ಲಿ ಎಪಿಕೆ ಕಡತ ಬರುತ್ತದೆ. ಅದನ್ನು ಫೋನಿನಲ್ಲಿ ಹಾಕಿಕೊಂಡು, ಅದು ಕೇಳಿದ ಅನುಮತಿ ಕೊಟ್ಟರೆ, ಬಂದ ಓಟಿಪಿಯನ್ನು ಅದೇ ಓದಿ ಕಳ್ಳನಿಗೆ ಕಳಿಸುತ್ತದೆ. ಇನ್ನೊಬ್ಬನು ಸುಳ್ಳು ಕಾಗದ ತೋರಿಸಿ ನಮ್ಮ ನಂಬರಿನ ಮೇಲೆ ಬೇರೊಂದು ಸಿಮ್ ಪಡೆಯುತ್ತಾನೆ. ನಮ್ಮ ಫೋನಿನ ನೆಟ್‌ವರ್ಕ್ ಸತ್ತುಹೋಗುತ್ತದೆ, ಓಟಿಪಿ ಅವನ ಕೈ ಸೇರುತ್ತದೆ. ಇಲ್ಲಿ ಕೊಟ್ಟವರು ಯಾರು?

ಕಾನೂನು ಬಡವನ ಪಾಲಿಗೆ ಪೂರ್ತಿ ಕಿವುಡಾಗಿಲ್ಲ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದ ಪ್ರಕಾರ, ಬ್ಯಾಂಕಿನ ತಪ್ಪೂ ಗ್ರಾಹಕನ ತಪ್ಪೂ ಇಲ್ಲದೆ ನಡುವೆ ಎಲ್ಲೋ ನಡೆದ ಮೋಸವನ್ನು, ಬ್ಯಾಂಕಿನ ಸೂಚನೆ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ಗ್ರಾಹಕನ ಅಜಾಗ್ರತೆಯೇ ಕಾರಣವಾಗಿದ್ದರೂ, ದೂರು ಕೊಟ್ಟ ಅನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ತಪ್ಪು ಗ್ರಾಹಕನದೆಂದು ರುಜುವಾತುಪಡಿಸುವ ಭಾರವನ್ನೂ ಆ ಆದೇಶ ಬ್ಯಾಂಕಿನ ಮೇಲೆಯೇ ಹೊರಿಸಿತು. ಹೆದರಿ ನಾವೇ ಕಳಿಸಿದ ಹಣಕ್ಕೆ ಈ ರಕ್ಷಣೆ ಸುಲಭವಾಗಿ ಸಿಗದು, ನಿಜ. ಆದುದರಿಂದಲೇ ಅಂಥವನು ಇನ್ನೂ ಬೇಗ ಓಡಬೇಕು.

ಏಕೆಂದರೆ ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ನಗದಾಗುವ ಮೊದಲು ಅದನ್ನು ನಡುದಾರಿಯಲ್ಲಿ ತಡೆಯಬೇಕು. ಅದಕ್ಕಾಗಿ ಇರುವ ಸರಕಾರಿ ಸಂಖ್ಯೆ 1930. ಕೂಡಲೇ ಅದಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನಾಚಿಕೆಯಿಂದ ಎರಡು ದಿನ ಬಾಯಿ ಮುಚ್ಚಿ ಕುಳಿತವನು ಕಳ್ಳನಿಗೆ ಎರಡು ದಿನದ ರಜೆ ಕೊಟ್ಟಂತಾಯಿತು. “ಏಕೆ ಕೊಟ್ಟೆ?” ಎಂದು ಹಂಗಿಸುವವರು ಮಾಡುವ ದ್ರೋಹ ಇದೇ: ಅವರ ಮಾತಿಗೆ ಅಂಜಿ ಮೋಸಹೋದವನು ಸುಮ್ಮನಾಗುತ್ತಾನೆ.

ನಮ್ಮ ಬೇಡಿಕೆಗಳು ಹೆಚ್ಚಿನವೇನಲ್ಲ. ಗ್ರಾಹಕನು ಆರಿಸಿಕೊಂಡ ಭಾಷೆಯಲ್ಲಿ ಬ್ಯಾಂಕು ಎಚ್ಚರಿಕೆ ಕೊಡಲಿ. ದೂರು ತಂದವನನ್ನು ಗದರಿಸದೆ ಮೊದಲು ದೂರು ಬರೆದುಕೊಳ್ಳಲಿ. ಇನ್ನು ನಮ್ಮ ಕರ್ತವ್ಯವೂ ಇದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಈ ಊರಿನ ಕನ್ನಡಿಗರು ರಾತ್ರಿ ಶಾಲೆ ತೆರೆದು ಅಕ್ಷರ ಕಲಿಸಿದರು. ಇಂದು ಫೋನಿನ ಅಕ್ಷರಾಭ್ಯಾಸ ಬೇಕಾಗಿದೆ. ಬಲ್ಲ ತರುಣರು ಭಾನುವಾರ ಒಂದು ತಾಸು ಕೊಡಲಿ. ಮೋಸಹೋದ ಬಂಧುವಿನೊಡನೆ ಸಂಘದ ಇಬ್ಬರು ಠಾಣೆಗೆ ಹೋಗಲಿ.

ಬಂಧುಗಳೇ, ಕಳ್ಳತನ ಮಾಡಿದವನು ತಲೆತಗ್ಗಿಸಬೇಕು. ಬೆವರು ಸುರಿಸಿ ಗಳಿಸಿದವನು ತಲೆಯೆತ್ತಿ ದೂರು ಕೊಡಬೇಕು, ಅದೂ ತಡಮಾಡದೆ.